ಅಡಿಕೆ ಸುಲಿಯುವ ಯಂತ್ರದ ಅಸೆಂಬ್ಲಿ ಇಡೀ ಕೆಂಪು: ಅನುಭವ ಇದ್ದವರು ಹೇಳಿ

ಪ್ರಶ್ನೆ (ಬದಿಯಡ್ಕ): ಒಂದು ಎಚ್‌ಪಿ ಮೋಟರಿನ ಅಡಿಕೆ ಸುಲಿಯುವ ಯಂತ್ರ ಸಾಲಿಡ್‌ವರ್ಕ್ಸ್ ಎಂಬ 3ಡಿ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಮಾಡ್ತಾ ಇದ್ದೇನೆ. ಬೇರಿಂಗ್ ಬ್ಲಾಕನ್ನು (ಶಾಫ್ಟ್ ಹಿಡಿಯುವ ಭಾಗ) ಫ್ರೇಮಿಗೆ ಕೂರಿಸಿದ ಕೂಡಲೇ ಮೇಟ್‌ಗಳೆಲ್ಲ (ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ನಿಯಮಗಳು) ಕೆಂಪು, ಓವರ್ ಡಿಫೈನ್ಡ್, ಅಂದರೆ ನಿಯಮ ಹೆಚ್ಚಾಗಿ ಒಂದಕ್ಕೊಂದು ಹೊಂದುವುದಿಲ್ಲ ಅಂತ ಬರ್ತದೆ. ಹಾಪರಿನ (ಅಡಿಕೆ ಸುರಿಯುವ ತಗಡಿನ ಬಾಯಿ) ಉದ್ದ 20 ಮಿಮೀ ಹೆಚ್ಚಿಸಿದರೆ ಫಿಲೆಟ್‌ಗಳು (ದುಂಡು ಮಾಡಿದ ಮೂಲೆಗಳು) ಹೋಗ್ತವೆ. ಚೈನ್ ಹಾಕಿದ ಮೇಲೆ ಕಂಪ್ಯೂಟರೇ ಮೇಲೆ ಏಳುವುದಿಲ್ಲ. ಇದನ್ನೇ ಸರಿ ಮಾಡುವುದಾ, ಉಚಿತವಾಗಿ ಸಿಗುವ ಫ್ರೀಕ್ಯಾಡಿಗೆ ಹೋಗಿ ಮೊದಲಿಂದ ಮಾಡುವುದಾ?

ಹೊಸೂರು: ಬೇರಿಂಗ್ ಬ್ಲಾಕ್ ಯುಸಿಪಿ 205 ಇರಬೇಕು. ಎರಡು ಬೋಲ್ಟ್ ತೂತು, ನಡುವೆ 105 ಮಿಮೀ. ಎರಡಕ್ಕೂ ಕಾನ್ಸೆಂಟ್ರಿಕ್ (ಎರಡು ತೂತಿನ ನಡುಗೆರೆ ಒಂದೇ ಮಾಡೋ ಮೇಟ್) ಹಾಕಿದ್ದೀರ, ತಪ್ಪು ಅಲ್ಲೇ. ಡೌನ್‌ಲೋಡ್ ಮಾಡಿದ ಸ್ಟೆಪ್ ಫೈಲ್ (ಬೇರೆ ಬೇರೆ ಸಾಫ್ಟ್‌ವೇರಲ್ಲಿ ತೆರೆಯೋ 3ಡಿ ಫೈಲ್) ಇಂಚಿನ ಲೆಕ್ಕದ್ದಾದ್ರೆ ಅದರಲ್ಲಿ 4⅛ ಇಂಚು ಇರುತ್ತೆ, ಅಂದ್ರೆ 104.775. ನಿಮ್ಮ ಫ್ರೇಮಲ್ಲಿ 105. ಕಬ್ಬಿಣದಲ್ಲಿ ಆ 0.225 ಮಿಮೀ ತೂತಿನ ಸಡಿಲಕ್ಕೆ ಹೋಗುತ್ತೆ. ಸಾಫ್ಟ್‌ವೇರಿಗೆ ಸಡಿಲ ಅನ್ನೋದು ಗೊತ್ತಿಲ್ಲ, 0.001 ವ್ಯತ್ಯಾಸ ಇದ್ರೂ ಕೆಂಪೇ. ಒಂದು ತೂತಿಗೆ ಕಾನ್ಸೆಂಟ್ರಿಕ್, ಅಡಿಮುಖಕ್ಕೆ ಕೋಇನ್ಸಿಡೆಂಟ್ (ಮುಖಕ್ಕೆ ಮುಖ ತಾಗಿಸೋದು), ಪಕ್ಕದ ಮುಖಕ್ಕೆ ಪ್ಯಾರಲಲ್ (ಸಮಾಂತರ). ಒಂದು ಭಾಗಕ್ಕೆ ಜರುಗೋದು ಮೂರು, ತಿರುಗೋದು ಮೂರು, ಒಟ್ಟು ಆರು ಚಲನೆ; ಮೊದಲನೇದು ನಾಲ್ಕನ್ನ ಹಿಡಿಯುತ್ತೆ, ಉಳಿದೆರಡು ಒಂದೊಂದು. ಆರೂ ಮುಗೀತು, ಏಳನೇದಕ್ಕೆ ಜಾಗ ಇಲ್ಲ.

ಕೆಂಪು ಕಂಡ ತಕ್ಷಣ ಡಿಲೀಟ್ ಮಾಡಬೇಡಿ. ಕೊನೆಗೆ ಹಾಕಿದ ಮೇಟ್‌ನಿಂದ ಹಿಂದಕ್ಕೆ ಒಂದೊಂದೇ ಸಪ್ರೆಸ್ (ಅಳಿಸದೆ ತಾತ್ಕಾಲಿಕವಾಗಿ ಆಫ್) ಮಾಡ್ತಾ ಬನ್ನಿ. ಯಾವುದನ್ನ ಸಪ್ರೆಸ್ ಮಾಡಿದಾಗ ಉಳಿದ ಕೆಂಪೆಲ್ಲ ಒಟ್ಟಿಗೆ ಹೋಗುತ್ತೋ ಅದೇ ಮೂಲ. ಮೂವತ್ತು ಕೆಂಪಿದ್ರೂ ಕಾರಣ ಒಂದೋ ಎರಡೋ ಅಷ್ಟೇ.

ಇನ್ನೊಂದು: ಫ್ರೇಮಿನ ತೂತನ್ನ ಹಾಪರ್ ಅಂಚಿನಿಂದ ಎಳೆದು, ಹಾಪರಿನ ಫ್ಲ್ಯಾಂಜನ್ನ (ಮಡಚಿದ ಅಂಚು) ಫ್ರೇಮ್ ಅಂಚಿನಿಂದ ಎಳೆದಿದ್ರೆ ಅದು ಸುತ್ತು, ಒಂದರ ಅಳತೆ ಇನ್ನೊಂದನ್ನ ಕಾಯುತ್ತೆ. ಕಂಟ್ರೋಲ್ ಕ್ಯೂ ಒತ್ತಿ, ಮಾಡೆಲ್ ಪೂರ್ತಿ ಮತ್ತೆ ಕಟ್ಟುತ್ತೆ. ಒತ್ತಿದಾಗೆಲ್ಲ ಮಾಡೆಲ್ ಸ್ವಲ್ಪ ಸ್ವಲ್ಪ ಜರುಗಿದ್ರೆ ಸುತ್ತು ಇದೆ ಅಂತಲೇ ಅರ್ಥ. ಯಾವುದಾದ್ರೂ ಒಂದು ಕಡೆಯ ರೆಫರೆನ್ಸ್ ಕಡಿದು ಅಲ್ಲಿ ಅಳತೆ ಹಾಕಿ.

ಅಕ್ಕಲಕೋಟೆ: ಫ್ರೀಕ್ಯಾಡಿಗೆ ಬರ್ರಿ. ದುಡ್ಡಿಲ್ಲದ ಕೆಲಸ ಆಗ್ತದ. 1.0 ಬಂದದ್ದು ನವೆಂಬರ್ 2024ರಾಗ. ಅದಕ್ಕಿಂತ ಮೊದಲ ಎ2ಪ್ಲಸ್, ಅಸೆಂಬ್ಲಿ3, ಅಸೆಂಬ್ಲಿ4 ಅಂತ ಭಾಗ ಜೋಡಿಸೂ ಆಡ್‌ಆನ್ ಬ್ಯಾರೆ ಬ್ಯಾರೆ ಇದ್ವು, ಒಂದರಾಗ ಮಾಡಿದ್ದು ಇನ್ನೊಂದರಾಗ ಏಳ್ತಿದ್ದಿಲ್ಲ. ಈಗ ಅಸೆಂಬ್ಲಿ ಒಳಗ ಅದ, ಮೇಟ್ ಬದಲಿ ಜಾಯಿಂಟ್. ಶಾಫ್ಟಿಗೆ ರೆವಲ್ಯೂಟ್ ಒಂದ ಹಾಕಿದ್ರ ಐದು ಚಲನೆ ಹಿಡೀತದ, ತಿರುಗೂದು ಒಂದ ಉಳೀತದ. ಮೂರು ಮೇಟ್ ಎಣಸೂ ಕೆಲಸಾನ ಇಲ್ಲ.

ಹಳೇ ವರ್ಷನ್ನಿನ ಕಾಟ ಮಾತ್ರ ಹೇಳಲಿಕ್ಕ ಬೇಕು. ಪವರ್‌ಲೂಮಿನ ಒಂದು ಬ್ರಾಕೆಟ್, ಫೇಸ್6ರ (ಸಾಫ್ಟ್‌ವೇರ್ ಒಂದು ಮುಖಕ್ಕ ಕೊಟ್ಟ ನಂಬರ್) ಮ್ಯಾಲೆ ಸ್ಕೆಚ್ (ಆಕಾರದ ಗೆರಿ). ಮ್ಯಾಲಿನ ಕಡೆ ಒಂದು ಸ್ಲಾಟ್ ಹೊಡದ ಕೂಡಲೆ ಫೇಸ್6 ಹೋಗಿ ಫೇಸ್8 ಆತು, ಹನ್ನೊಂದು ಸ್ಕೆಚ್ ಹಾರಿ ತಳಗಿನ ಮಾರಿಗೆ ಕೂತ್ವು. 1.0ರಾಗ ಇದು ಭಾಳ ಕಡಿಮಿ ಆಗ್ಯದ, ಪೂರ್ತಿ ಹೋಗಿಲ್ಲ. ಅದಕ್ಕ ಸ್ಕೆಚ್ ಯಾವಾಗಲೂ ಒರಿಜಿನ್ ಪ್ಲೇನಿಗೆ ಇಲ್ಲಾ ಡೇಟಮ್ ಪ್ಲೇನಿಗೆ (ಆಧಾರಕ್ಕ ಇಡೂ ಸಮತಲ) ಹಚ್ಚ್ರಿ, ಮುಖಕ್ಕ ಹಚ್ಚಬ್ಯಾಡ್ರಿ. ಅಳತಿ ಎಲ್ಲಾ ಸ್ಪ್ರೆಡ್‌ಶೀಟಿನಾಗ ಇಡ್ರಿ. ಹಾಪರ್ ಉದ್ದ ಬದಲಿ ಆದ್ರ ಒಂದ ಸೆಲ್ ತಿದ್ದಿದ್ರ ಸಾಕು.

ಹೊಸೂರು: ಸ್ಕೆಚ್ಚನ್ನ ಪ್ಲೇನಿಗೆ ಹಾಕಬೇಕು ಅನ್ನೋದು ಸಾಲಿಡ್‌ವರ್ಕ್ಸಲ್ಲೂ ಅದೇ ಮಾತು. ಅಷ್ಟಕ್ಕೆ ಸಾಫ್ಟ್‌ವೇರ್ ಬದಲಿಸಿ ಅಂತ ಹೇಳೋದು ಸರಿಯಲ್ಲ. ಫ್ರೀಕ್ಯಾಡಿಗೆ ಹೋಗಬೇಕಾದ್ರೆ ಅವರು ಸ್ಟೆಪ್ ಮಾಡಬೇಕು. ಸ್ಟೆಪ್ಪಲ್ಲಿ ಆಕಾರ ಬರುತ್ತೆ, ಫೀಚರ್ ಟ್ರೀ (ಮಾಡಿದ ಹೆಜ್ಜೆಗಳ ಪಟ್ಟಿ) ಬರಲ್ಲ. ಸ್ಕೆಚ್ಚಿಲ್ಲ, ಅಳತೆಯಿಲ್ಲ, ಫಿಲೆಟ್ ತೆಗೆಯೋದೂ ಸುಲಭ ಅಲ್ಲ. ಮಾಡಿದ ಕೆಲಸ ಪೂರ್ತಿ ಮಣ್ಣುಪಾಲು. ಅದನ್ನೂ ಹೇಳಿ.

ಅಕ್ಕಲಕೋಟೆ: ಹೇಳತೀನಿ. ನೀವೂ ಹೇಳ್ರಿ, ಸಾಲಿಡ್‌ವರ್ಕ್ಸಿನ ಒಂದು ಸೀಟಿಗೆ (ಲೈಸೆನ್ಸಿಗೆ) ವರ್ಷಾ ವರ್ಷಾ ಎಷ್ಟು ಕಟ್ಟಬೇಕಂತ. ಸಣ್ಣ ವರ್ಕ್‌ಶಾಪಿನವರು ಕಟ್ಟೂದು ಹ್ಯಾಂಗ? ದುಡ್ಡಿನ ಮಾತು ಬಂದ ಕೂಡಲೆ ಎಲ್ಲಾರೂ ಸುಮ್ಮನಾಗ್ತಾರ.

ಮಡಕಶಿರಾ: ಸಾಫ್ಟ್‌ವೇರಿನ ದುಡ್ಡಿಗಿಂತ ತಗಡಿನ ದುಡ್ಡು ದೊಡ್ಡದು. ಹಾಪರಿಗೆ ಫಿಲೆಟ್ ಯಾಕೆ ಹಾಕಿದ್ದೀರಿ? ತಗಡಿನ ಪಾರ್ಟನ್ನ ಬ್ಲಾಕ್ ಎಳೆದು, ಶೆಲ್ ಮಾಡಿ (ಒಳಗೆ ಟೊಳ್ಳು ಮಾಡಿ), ಫಿಲೆಟ್ ಕೊಡೋದು ಮೊದಲನೇ ತಪ್ಪು. ಹೊರಮೂಲೆಯ ಫಿಲೆಟ್ 2 ಇದ್ದು ಒಳಗೆ 3 ಮಿಮೀ ಶೆಲ್ ಕೊಟ್ರೆ ಒಳಮೂಲೆಗೆ ತ್ರಿಜ್ಯವೇ ಉಳಿಯಲ್ಲ, ಫೇಲ್ ಆಗದೆ ಇನ್ನೇನಾಗುತ್ತೆ. ಸಾಫ್ಟ್‌ವೇರಿನ ಶೀಟ್ ಮೆಟಲ್ ವಿಭಾಗದ ಬೇಸ್ ಫ್ಲ್ಯಾಂಜಿಂದ (ಮೊದಲ ತಗಡು) ಹೊಸದಾಗಿ ಮಾಡಿ. ಮಡಿಕೆಯೇ ಮೂಲೆ ಆಗುತ್ತೆ, ಉದ್ದ 20 ಹೆಚ್ಚಿಸಿದ್ರೂ ಏನೂ ಹೋಗಲ್ಲ.

ಈಗ ಲೆಕ್ಕ. 1.6 ಮಿಮೀ ತಗಡು, ಒಳತ್ರಿಜ್ಯ 1.6, ಕೆ ಫ್ಯಾಕ್ಟರ್ (ಮಡಚುವಾಗ ಹಿಗ್ಗದೆ ಕುಗ್ಗದೆ ಉಳಿಯೋ ಪದರ ದಪ್ಪದ ಎಷ್ಟು ಭಾಗ ಒಳಗಿದೆ ಅನ್ನೋ ಲೆಕ್ಕ) 0.5 ಅಂತ ಬಿಟ್ರೆ 90 ಡಿಗ್ರಿ ಮಡಿಕೆಗೆ ಬೆಂಡ್ ಅಲವೆನ್ಸ್ (ಮಡಿಕೆಗೆ ಹೋಗೋ ತಗಡಿನ ಉದ್ದ) 1.5708 ಗುಣಿಸು 2.4, ಅಂದ್ರೆ 3.77. ಕೆ 0.44 ಆದ್ರೆ 3.62. ಒಂದು ಮಡಿಕೆಗೆ 0.15 ವ್ಯತ್ಯಾಸ, ನಾಲ್ಕು ಮಡಿಕೆಗೆ 0.6. ತಗಡಿನ ತೂತು ಫ್ರೇಮಿನ ತೂತಿಗೆ ಸೇರಲ್ಲ. ಎಂಟು ಬೈ ನಾಲ್ಕು ಅಡಿಯ 1.6 ಮಿಮೀ ಹಾಳೆ ಒಂದಕ್ಕೆ 37 ಕಿಲೋ ಚಿಲ್ಲರೆ ತೂಗುತ್ತೆ. ನಾಲ್ಕು ಹಾಳೆ ಹೀಗೆ ಕೆಟ್ರೆ ಸುಮಾರು 150 ಕಿಲೋ ಗುಜರಿಗೆ, ಲೇಸರ್ ಕೂಲಿ ಬೇರೆ, ಮಡಚೋ ಕೂಲಿ ಬೇರೆ. ಗುಜರಿಯವನು ಹಾಳೆಯ ರೇಟು ಕೊಡಲ್ಲ.

ಲೇಸರಿಗೆ ಡಿಎಕ್ಸ್‌ಎಫ್ (ಕತ್ತರಿಸೋ ಡ್ರಾಯಿಂಗ್ ಫೈಲ್) ಕಳಿಸುವಾಗ ಬೆಂಡ್ ಲೈನನ್ನ (ಮಡಚೋ ಗೆರೆ) ಬೇರೆ ಲೇಯರಿಗೆ ಹಾಕಿ, ಇಲ್ಲಾ ತೆಗೆದೇ ಬಿಡಿ. ಹಾಗೇ ಇಟ್ರೆ ಮಡಚೋ ಗೆರೆ ಮೇಲೇ ಕತ್ತರಿಸಿ ಕೊಡ್ತಾರೆ. ಸ್ಕೇಲ್ ಒಂದಕ್ಕೊಂದು.

ಅಕ್ಕಲಕೋಟೆ: 0.5 ಇಟ್ಟು ವರ್ಷಗಟ್ಟಲೆ ನಡಸೀವಿ. ಏನೂ ಆಗಿಲ್ಲ. ಸುಮ್ಮನ ಅಂಜಸಬ್ಯಾಡ್ರಿ.

ಮಡಕಶಿರಾ: ಒಂದೇ ಮಡಿಕೆಯ ಕ್ಲಾಂಪಿಗೆ ಏನೂ ಆಗಲ್ಲ. ನಾಲ್ಕು ಕಡೆ ಮಡಚಿ ಬೋಲ್ಟ್ ಹಾಕೋ ಹಾಪರಿಗೆ ಆಗುತ್ತೆ. ಅಂಜಿಸ್ತಿಲ್ಲ, ಅಳತೆ ಹೇಳ್ತಿದ್ದೀನಿ. ಕೆ 0.44 ಅನ್ನೋದೂ ದೇವರ ವಾಕ್ಯವಲ್ಲ. ಅದೇ ತಗಡಲ್ಲಿ ಸರಿಯಾಗಿ 100 ಮಿಮೀ ಪಟ್ಟಿ ಕತ್ತರಿಸಿ ನಡುವೆ 90 ಡಿಗ್ರಿ ಮಡಚಿ, ಎರಡೂ ಕಾಲನ್ನ ಹೊರಗಿಂದ ವರ್ನಿಯರಲ್ಲಿ ಅಳೆಯಿರಿ. ಕೂಡಿದಾಗ 102.8 ಬಂದ್ರೆ ನಿಮ್ಮ ಡಿಡಕ್ಷನ್ (ಕೂಡಿದ್ದರಿಂದ ಕಳೆಯಬೇಕಾದ್ದು) 2.8. ಅದನ್ನೇ ಸಾಫ್ಟ್‌ವೇರಿಗೆ ಕೊಡಿ, ಕೆ ಫ್ಯಾಕ್ಟರಿನ ಜಗಳವೇ ಬೇಡ. ಡೈ (ಮಡಚೋ ಅಚ್ಚು) ಬದಲಾದ್ರೆ ಮತ್ತೆ ಪಟ್ಟಿ ಮಡಚಬೇಕು, ಯಾಕಂದ್ರೆ ಏರ್ ಬೆಂಡಿಂಗಲ್ಲಿ (ತಗಡನ್ನ ಡೈಯ ತಳಕ್ಕೆ ಒತ್ತದೆ ಮಡಚೋದು) ಮೈಲ್ಡ್ ಸ್ಟೀಲಿನ ಒಳತ್ರಿಜ್ಯ ವೀ ಡೈಯ ಬಾಯಿಯ ಸುಮಾರು 16% ಇರುತ್ತೆ. 12ರ ಡೈಗೆ 1.9, 16ರ ಡೈಗೆ 2.6. ನೀವು ಮಾಡೆಲಲ್ಲಿ 1.6 ಅಂತ ಬರೆದ್ರೆ ಡೈ ಕೇಳುತ್ತಾ?

ಮಂಜೇಶ್ವರ: ಚೈನಿನ ವಿಷಯ ಯಾರೂ ಹೇಳಲಿಲ್ಲ ಮಾರಾಯ್ರೆ. 08ಬಿ ಚೈನ್ ಆದರೆ ಪಿಚ್ (ಪಿನ್ನಿಂದ ಪಿನ್ನಿಗೆ ದೂರ) 12.7 ಮಿಮೀ. ಸ್ಪ್ರಾಕೆಟ್ 15 ಮತ್ತು 45 ಹಲ್ಲಿನವು, ಅವುಗಳ ಸೆಂಟರ್ ದೂರ 400 ಅಂತ ಇಟ್ಟುಕೊಳ್ಳಿ. ಲಿಂಕ್ ಲೆಕ್ಕ 93.7 ಬರ್ತದೆ. ಮುರಿದ ಲಿಂಕ್ ಇಲ್ಲ, ಬೆಸ ಸಂಖ್ಯೆ ಹಾಕಿದರೆ ಆಫ್‌ಸೆಟ್ ಲಿಂಕ್ (ಬಾಗಿದ ಕೊಂಡಿ) ಬೇಕು, ಅದು ಬೇಡ. 94 ಮಾಡಿ, ಸೆಂಟರ್ 401.8 ಆಗ್ತದೆ. ಮಾಡೆಲಿನಲ್ಲಿ 400 ಅಂತಲೇ ಹಟ ಹಿಡಿದರೆ ಕೊನೆಯ ಲಿಂಕ್ ಸೇರುವುದೇ ಇಲ್ಲ, ಅದೇ ಮೇಟ್ ಕೆಂಪಾಗ್ತದೆ.

94 ಲಿಂಕನ್ನೂ ರೋಲರ್, ಪ್ಲೇಟ್ ಸಮೇತ ಹಾಕಿದರೆ ಕಂಪ್ಯೂಟರ್ ಏಳುವುದು ಹೇಗೆ? ಸ್ಕೆಚ್ಚಿನಲ್ಲಿ ಎರಡು ಪಿಚ್ ವೃತ್ತ (ಚೈನಿನ ಪಿನ್ನುಗಳು ಸುತ್ತುವ ವೃತ್ತ) ಸಾಕು, ವ್ಯಾಸ 61.08 ಮತ್ತು 182.06. ಬೆಲ್ಟ್ ಚೈನ್ ಫೀಚರ್ ಕೊಟ್ಟರೆ ಎರಡೂ ಒಂದೇ ದಿಕ್ಕಿಗೆ ತಿರುಗ್ತವೆ. ಗೇರ್ ಮೇಟ್ ಹಾಕಿದವರು ರಿವರ್ಸ್ ಒತ್ತಬೇಕು, ಇಲ್ಲದಿದ್ದರೆ ಒಂದು ಅತ್ತ, ಒಂದು ಇತ್ತ. ಮೋಟರ್ ಜಾರುವ ಪ್ಲೇಟ್ ಸಬ್ ಅಸೆಂಬ್ಲಿಯಲ್ಲಿದ್ದರೆ ಅದನ್ನು ಫ್ಲೆಕ್ಸಿಬಲ್ ಮಾಡಿ. ರಿಜಿಡ್ ಇದ್ದರೆ ಮೇಲಿನ ಅಸೆಂಬ್ಲಿಯಲ್ಲಿ ಅಲ್ಲಾಡುವುದಿಲ್ಲ. ಎಲ್ಲವನ್ನೂ ಫ್ಲೆಕ್ಸಿಬಲ್ ಮಾಡಬೇಡಿ, ಬಹಳ ನಿಧಾನ ಆಗ್ತದೆ. ಬೋಲ್ಟಿಗೆ ನಿಜವಾದ ಥ್ರೆಡ್ ಕೊರೆದಿದ್ದರೆ ಅದನ್ನೂ ತೆಗೆದು ಕಾಸ್ಮೆಟಿಕ್ (ಬರೀ ಗುರುತಿನ ಥ್ರೆಡ್) ಹಾಕಿ.

ಹೊಸೂರು: ಬೋಲ್ಟ್ ಅಂದಾಗ ನೆನಪಾಯ್ತು. ಟೂಲ್‌ಬಾಕ್ಸ್ (ಸಿದ್ಧ ಭಾಗಗಳ ಲೈಬ್ರರಿ) ಬೋಲ್ಟ್ ಹಾಕಿದ ಅಸೆಂಬ್ಲಿಯನ್ನ ಬೇರೆ ಕಂಪ್ಯೂಟರಲ್ಲಿ ತೆರೆದ್ರೆ ಎಂ10 ಬೋಲ್ಟ್ ಬೇರೆ ಸೈಜಾಗಿ ಫ್ರೇಮ್ ಹೊರಗೆ ಚಾಚಿ ನಿಲ್ಲಬಹುದು. ಫೈಲ್ ಕೆಟ್ಟಿಲ್ಲ. ಆ ಕಂಪ್ಯೂಟರ್ ತನ್ನ ಟೂಲ್‌ಬಾಕ್ಸ್ ಫೋಲ್ಡರಿಂದ ಬೋಲ್ಟ್ ಎಳೆದುಕೊಂಡಿದೆ. ಕಳಿಸುವಾಗ ಪ್ಯಾಕ್ ಅಂಡ್ ಗೋದಲ್ಲಿ (ಫೈಲ್‌ಗಳನ್ನೆಲ್ಲ ಒಟ್ಟಿಗೆ ಕಟ್ಟೋ ಆಯ್ಕೆ) ಟೂಲ್‌ಬಾಕ್ಸ್ ಪಾರ್ಟನ್ನೂ ಸೇರಿಸಿ ಅಂತ ಟಿಕ್ ಮಾಡಿ.

ಬದಿಯಡ್ಕ: ಎರಡನೇ ಕಾನ್ಸೆಂಟ್ರಿಕ್ ತೆಗೆದೆ, ಕೆಂಪೆಲ್ಲ ಹೋಯಿತು. ಸ್ಟೆಪ್ ಫೈಲಿನಲ್ಲಿ ಅಳೆದರೆ ಸರಿಯಾಗಿ 104.775. ತುಂಬ ಉಪಕಾರ. ಆದರೆ ನಿನ್ನೆ ಬಂದ ಎಡದ ಬ್ರಾಕೆಟ್ ಬಲದ್ದಾಗಿದೆ. ಡ್ರಾಯಿಂಗಿನಲ್ಲಿ ಸರಿಯಾಗೇ ಉಂಟು.

ಮಡಕಶಿರಾ: ಟೆಂಪ್ಲೇಟ್ ಯಾವುದು? ಅನ್ಸಿ (ಅಮೆರಿಕದ ಮಾನಕ) ಟೆಂಪ್ಲೇಟ್ ಆದ್ರೆ ಥರ್ಡ್ ಆಂಗಲ್, ಬಲದ ನೋಟ ಬಲಕ್ಕೇ ಬರುತ್ತೆ. ಮಾಡಿದವರು ಫಸ್ಟ್ ಆಂಗಲ್, ಅಂದ್ರೆ ಬಲದ ನೋಟ ಎಡಕ್ಕೆ, ಅಂತ ಓದಿದ್ದಾರೆ.

ಅಕ್ಕಲಕೋಟೆ: ನಮ್ಮ ದೇಶದಾಗ ಫಸ್ಟ್ ಆಂಗಲ್. ಭಾರತೀಯ ಮಾನಕ ಸಂಸ್ಥೆಯ ಡ್ರಾಯಿಂಗ್ ಕೈಪಿಡಿ ಎಸ್‌ಪಿ 46 ಅದನ್ನ ಹೇಳ್ತದ. ಥರ್ಡ್ ಆಂಗಲ್ ಕಳಸೂದ ತಪ್ಪು.

ಹೊಸೂರು: ಇಲ್ಲಿ ಹೊರದೇಶದ ಆರ್ಡರಿನ ಡ್ರಾಯಿಂಗ್ ಥರ್ಡ್ ಆಂಗಲ್ಲಲ್ಲೇ ಬರುತ್ತೆ. ತಪ್ಪು ಅಂತ ಹೇಳಿ ವಾಪಸ್ ಕಳಿಸೋಕಾಗುತ್ತಾ? ಅಲ್ಲಿ ಕೂತು ಹೇಳೋದು ಸುಲಭ.

ಅಕ್ಕಲಕೋಟೆ: ಆರ್ಡರ್ ಅವರದು, ಬ್ರಾಕೆಟ್ ಇವರದು. ಬದಿಯಡ್ಕದ ಯಂತ್ರಕ್ಕ ಹೊರದೇಶದ ರೂಢಿ ಯಾಕ ಬೇಕು ಅಂತ ಕೇಳಾಕತ್ತೀನಿ.

ಮಂಜೇಶ್ವರ: ಟೈಟಲ್ ಬ್ಲಾಕಿನಲ್ಲಿ ಮೊಟಕು ಶಂಕುವಿನ ಗುರುತು ನೋಡಿ. ಸಣ್ಣ ತುದಿ ಎಡಕ್ಕಿದ್ದು ವೃತ್ತಗಳು ಬಲಕ್ಕಿದ್ದರೆ ಫಸ್ಟ್, ವೃತ್ತಗಳು ಎಡಕ್ಕಿದ್ದರೆ ಥರ್ಡ್. ಗುರುತೇ ಇಲ್ಲದಿದ್ದರೆ ಹಾಕಿ. ಪ್ರತಿ ಹಾಳೆಯಲ್ಲಿ ಒಂದು ಐಸೋಮೆಟ್ರಿಕ್ ವ್ಯೂ (ಮೂರು ಬದಿಯೂ ಕಾಣುವ ನೋಟ) ಇರಲಿ, ಪಾರ್ಟ್ ನಂಬರಿನ ಕೊನೆಗೆ ಎಡ, ಬಲ ಅಂತ ಇರಲಿ. ಮತ್ತೆ ಮಿರರ್ ಮಾಡುವಾಗ ಆಪೊಸಿಟ್ ಹ್ಯಾಂಡ್ ಆಯ್ಕೆ ಮಾಡಿದ್ದೀರಾ ನೋಡಿ. ಅದು ಮಾಡದಿದ್ದರೆ ಅದೇ ಎಡದ ಬ್ರಾಕೆಟನ್ನು ತಿರುಗಿಸಿ ಇಟ್ಟಿರ್ತದೆ ಅಷ್ಟೆ, ಬಲದ ಪಾರ್ಟ್ ಫೈಲ್ ಇರುವುದೇ ಇಲ್ಲ.

ಬದಿಯಡ್ಕ: ಗುರುತು ಇರಲಿಲ್ಲ. ಟೆಂಪ್ಲೇಟ್ ಅನ್ಸಿ.