ಅಜ್ಜನ ಬೀಟೆ ಕುರ್ಚಿಗೆ ಹಿತ್ತಾಳೆ ಟೋಪಿ ಮೊಳೆ: ಸಾಲು ನೇರ ಬರುತ್ತಿಲ್ಲ, ಸಂದು ಒಂದೇ ಸಮ ಇಲ್ಲ

ತೀರ್ಥಹಳ್ಳಿ ಜಗಲಿ:

ನಮಸ್ಕಾರ. ಊರಿನ ಮನೆಯ ಜಗಲಿಯಲ್ಲಿ ಅಜ್ಜ ಕೂರುತ್ತಿದ್ದ ಬೀಟೆ ಕುರ್ಚಿ ಒಂದಿದೆ. ಕಾಲು, ಕೈ ಎಲ್ಲ ಇವತ್ತಿಗೂ ಗಟ್ಟಿ. ಸೀಟಿನ ರೆಕ್ಸಿನ್ ಮಾತ್ರ ಬಿರುಕು ಬಿಟ್ಟು ಒಳಗಿನ ತೆಂಗಿನ ನಾರು ಹೊರಗೆ ಬಂದಿತ್ತು. ಬೆಂಗಳೂರಿಗೆ ತಂದು ಮನೆ ಹತ್ತಿರದ ಒಂದು ಅಂಗಡಿಗೆ ಕೊಟ್ಟೆ. ಅವರು ಮೊಳೆ ಹೊಡೆಯಲೇ ಇಲ್ಲ. ಸುತ್ತಲೂ ಸ್ಟೇಪಲ್ ಹೊಡೆದು, ಮೇಲೊಂದು ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಕೊಟ್ಟರು. ಅಮ್ಮ ನೋಡಿ ಸುಮ್ಮನಾದರು. ಸಂಜೆ ಕೇಳಿದ್ದಕ್ಕೆ, "ಅಪ್ಪಯ್ಯನ ಕುರ್ಚಿ ಹಿತ್ತಾಳೆ ಮೊಳೆಯದ್ದಲ್ವಾ" ಅಂದರು ಅಷ್ಟೇ. ಚಿಕ್ಕವರಿದ್ದಾಗ ಅಜ್ಜನ ಪಕ್ಕ ನಿಂತು ಒಂದೊಂದೇ ಮೊಳೆ ಮುಟ್ಟಿ ಎಣಿಸುತ್ತಿದ್ದರಂತೆ.

ಹಾಗಾಗಿ ನಾನೇ ಮಾಡೋಣ ಅಂತ ಪಟ್ಟಿ, ಸ್ಟೇಪಲ್ ಎಲ್ಲ ಕಿತ್ತೆ. ಎಸ್‌ಪಿ ರಸ್ತೆಯಿಂದ 11 ಮಿ.ಮೀ. ತಲೆಯ ಟೋಪಿ ಮೊಳೆ (ತಲೆ ಟೋಪಿಯ ಹಾಗೆ ಉಬ್ಬಿರುವುದು) ತಂದೆ. ಕಂದು ಬಣ್ಣದ ರೆಕ್ಸಿನ್ ಎಳೆದು ಹಿಡಿದು, ಮುಂದಿನ ಅಂಚಿನಲ್ಲಿ ಎಡಗಡೆಯಿಂದ 2 ಸೆಂ.ಮೀ.ಗೆ ಒಂದರಂತೆ ಹೊಡೆಯುತ್ತಾ ಹೋದೆ. ಆದದ್ದು ಇಷ್ಟು:

ಬಲ ಮೂಲೆಗೆ ಬರುವಾಗ ಸಂದು 1 ಸೆಂ.ಮೀ. ಮಾತ್ರ ಉಳಿಯಿತು. ನಡುವೆ ಐದಾರು ಮೊಳೆ ನೆಟ್ಟಗೆ ಇಟ್ಟು ಹೊಡೆದರೂ ಬಲಕ್ಕೇ ವಾಲಿದವು, ಎಲ್ಲವೂ ಒಂದೇ ಕಡೆಗೆ. ನಾಲ್ಕು ಬಗ್ಗಿದವು, ಎರಡರ ತಲೆಯೇ ಹಾರಿಹೋಯಿತು. ರೆಕ್ಸಿನ್ ಮೇಲೆ ಮೊಳೆಯಿಂದ ಮೊಳೆಗೆ ಸುಕ್ಕು ಬಂದಿದೆ. ಈಗ ಅಷ್ಟನ್ನೂ ಕಿತ್ತಿದ್ದೇನೆ, ತೂತುಗಳು ಕಾಣುತ್ತಿವೆ.

ಸೀಟಿನ ಅಳತೆ, ಮೂಲೆ ಮೊಳೆಯ ನಡುವಿನಿಂದ ಮೂಲೆ ಮೊಳೆಯ ನಡುವಿಗೆ: ಮುಂದೆ 43 ಸೆಂ.ಮೀ., ಎರಡು ಪಕ್ಕ 40, ಹಿಂದೆ 38. ಬೆನ್ನಿನ ಮೇಲ್ಭಾಗ ಕಮಾನಿನ ಹಾಗೆ ಬಾಗಿದೆ, ಅಲ್ಲೂ ಮೊಳೆ ಬೇಕು. ಅಮ್ಮ ಮತ್ತೆ ಎಣಿಸುವ ಹಾಗೆ ಆಗಬೇಕು ಅನ್ನೋದು ನನ್ನಾಸೆ. ದಯವಿಟ್ಟು ತಿಳಿದವರು ಹೇಳಿ.

ಮರದ ಪುಡಿ:

ಸಾಲು ಮೊಳೆಯ ಪಟ್ಟಿ ಸಿಗುತ್ತದೆ, ನೋಡಿದ್ದೀರಾ? ತಲೆಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಅಚ್ಚು ಹಾಕಿರುತ್ತಾರೆ. ಅಷ್ಟಷ್ಟು ದೂರಕ್ಕೆ ಒಂದು ತೂತು ಇರುತ್ತದೆ, ಅಲ್ಲಿ ಮಾತ್ರ ನಿಜವಾದ ಮೊಳೆ. ನೇರ ಅಂಚಿಗೆ ಬೇಗ ಆಗುತ್ತದೆ. ಆದರೆ ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಮುಟ್ಟಿದರೆ ಇನ್ನೂ ಬೇಗ ಗೊತ್ತಾಗುತ್ತದೆ, ನಿಮ್ಮ ಅಮ್ಮನ ವಿಷಯ ಓದಿದ ಮೇಲೆ ಅದನ್ನು ಹಾಕಿ ಅನ್ನಲು ಮನಸ್ಸಿಲ್ಲ.

ಬಗ್ಗಿದ್ದಕ್ಕೆ ಕಾರಣ ಬೀಟೆ. ಸಾಗುವಾನಿ ಘನ ಮೀಟರ್‌ಗೆ ಸುಮಾರು 650 ಕೆ.ಜಿ. ತೂಗಿದರೆ ಬೀಟೆ 800 ದಾಟುತ್ತದೆ. ಆ ಸಣ್ಣ ಮೊಳೆ ಅದರೊಳಗೆ ತಾನಾಗಿ ಇಳಿಯುವುದಿಲ್ಲ. ಮೊದಲು ತೂತು ಕೊರೆಯಬೇಕು.

ಕುಶನ್ ಕೆಲಸ ಹುಬ್ಬಳ್ಳಿ:

ನಾನು 27 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನಿಮ್ಮ ಕೈ ಸರಿಯಾಗೇ ಇದೆ, ಸುತ್ತಿಗೆ ಎತ್ತುವ ಮೊದಲು ಆಗಬೇಕಾದ ಕೆಲಸ ಬಾಕಿ ಉಳಿದಿದೆ. ನಮ್ಮ ಅಂಗಡಿಯಲ್ಲಿ ಒಂದು ಕುರ್ಚಿಗೆ ಮೂರು ಗಂಟೆ ಹಿಡಿದರೆ ಮೊಳೆ ಹೊಡೆಯುವುದು ಕೊನೆಯ ಮುಕ್ಕಾಲು ಗಂಟೆ ಮಾತ್ರ.

ಮೊದಲು ಬಲಕ್ಕೆ ವಾಲಿದ ಮೊಳೆ. ಎಲ್ಲ ಒಂದೇ ಕಡೆ ವಾಲಿದವು ಅಂದರೆ ಕೆಳಗೆ ಹಳೆಯ ತೂತು ಇವೆ. ಅಜ್ಜನ ಕಾಲದ ಮೊಳೆಯವು. ಹೊಸ ಮೊಳೆ ಹಳೆಯ ತೂತಿನ ಪಕ್ಕ ಇಳಿದರೆ ಗಟ್ಟಿ ಮರ ಬಿಟ್ಟು ಆ ಟೊಳ್ಳಿಗೇ ಜಾರುತ್ತದೆ, ನೀವು ಎಷ್ಟೇ ನೆಟ್ಟಗೆ ಹಿಡಿದರೂ ಅಷ್ಟೇ. ರೆಕ್ಸಿನ್ ಎತ್ತಿ ನೋಡಿ, ಕಪ್ಪು ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಬಿದಿರು ಕಡ್ಡಿ ಸೀಳಿ, ತುದಿ ಚೂಪು ಮಾಡಿ, ಫೆವಿಕಾಲ್‌ನಲ್ಲಿ ಅದ್ದಿ ಒಂದೊಂದಕ್ಕೂ ತುಂಬಿ. ಸಣ್ಣ ತೂತಿಗೆ ಬೆಂಕಿಕಡ್ಡಿ ಸಾಕು. ಒಂದು ಇಡೀ ದಿನ ಒಣಗಲಿ. ಆಮೇಲೆ ಬ್ಲೇಡಿನಿಂದ ಮರದ ಮಟ್ಟಕ್ಕೆ ಕೊಯ್ಯಿರಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಇದನ್ನು ಬಿಟ್ಟರೆ ಮುಂದೆ ನಾನು ಹೇಳುವ ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಎರಡನೆಯದು ಸುಕ್ಕು. ಸ್ಟೇಪಲ್ ಪೂರ್ತಿ ಕಿತ್ತು ಬರೀ ಟೋಪಿ ಮೊಳೆಯ ಮೇಲೆ ರೆಕ್ಸಿನ್ ಎಳೆದಿದ್ದೀರಿ. ಎರಡು ಮೊಳೆಯ ನಡುವೆ ಹಿಡಿಯುವವರು ಯಾರೂ ಇಲ್ಲ, ಹಾಗಾಗಿ ಅಲ್ಲಿ ಸುಕ್ಕು ಬಂತು. ಎಳೆತ ಎಲ್ಲ ಸ್ಟೇಪಲ್ ಅಥವಾ ಸಣ್ಣ ಕಪ್ಪು ಮೊಳೆ ಹೊರಬೇಕು. ನಾಲ್ಕು ಬದಿಯ ನಡುವಿನಿಂದ ಶುರು ಮಾಡಿ ಮೂಲೆ ಕಡೆಗೆ ಎಳೆದು ಹೋಗಿ. ಅದು ಡೋಲಿನ ಚರ್ಮದ ಹಾಗೆ ಬಿಗಿಯಾಗಿ ಕೂತ ಮೇಲೆ ಹಿತ್ತಾಳೆ ಮೊಳೆ ಬರುವುದು ಬರೀ ಚಂದಕ್ಕೆ. ಅಂಗಡಿಯವರು ಸ್ಟೇಪಲ್ ಹೊಡೆದದ್ದು ತಪ್ಪಲ್ಲ. ಅದರ ಮೇಲೆ ಮೊಳೆ ಬರಬೇಕಿತ್ತು, ಅಷ್ಟು ಬಿಟ್ಟರು.

ಈಗ ಸಂದು. ಎಡದಿಂದ 2 ಸೆಂ.ಮೀ. ಅಂತ ಅಳೆಯುತ್ತಾ ಹೋದರೆ 43ರಲ್ಲಿ 21 ಸಂದು ಆಗಿ ಅರ್ಧ ಸಂದು ಉಳಿಯುತ್ತದೆ. ನಿಮಗೆ ಉಳಿದ 1 ಸೆಂ.ಮೀ. ಅದೇ. ಆ ಉಳಿಕೆಯನ್ನು ಒಂದೇ ಕಡೆ ತಳ್ಳದೆ ಎಲ್ಲ ಸಂದಿಗೂ ಹಂಚಬೇಕು. 21 ಸಂದಿಗೆ ಹಂಚಿದರೆ ಒಂದೊಂದಕ್ಕೆ ಅರ್ಧ ಮಿ.ಮೀ. ಕೂಡ ಜಾಸ್ತಿ ಆಗುವುದಿಲ್ಲ. ಕಣ್ಣಿಗೆ ಕಾಣುವುದೇ ಇಲ್ಲ. ಪಕ್ಕದ 40ಕ್ಕೆ 20 ಸಂದು, ಹಿಂದಿನ 38ಕ್ಕೆ 19. ಮೂಲೆ ನಾಲ್ಕೂ ಸೇರಿ ಸರಿಯಾಗಿ 80 ಮೊಳೆ.

ಇದನ್ನು ಸ್ಕೇಲಿನಲ್ಲಿ ಅಳೆಯಲು ಹೋಗಬೇಡಿ. ಲಂಗಕ್ಕೆ ಹಾಕುವ ಇಲಾಸ್ಟಿಕ್ ತನ್ನಿ, ಅರ್ಧ ಇಂಚು ಅಗಲದ್ದು. ಅದನ್ನು ಎಳೆಯದೆ ಮೇಜಿನ ಮೇಲೆ ಇಟ್ಟು ಒಂದೂವರೆ ಸೆಂ.ಮೀ.ಗೆ ಒಂದು ಗೆರೆ ಹಾಕಿ, ಒಟ್ಟು 22 ಗೆರೆ. ಮೊದಲ ಗೆರೆಯನ್ನು ಎಡ ಮೂಲೆಗೆ ಗುಂಡುಪಿನ್ ಚುಚ್ಚಿ ನಿಲ್ಲಿಸಿ. ಕೊನೆಯ ಗೆರೆಯನ್ನು ಬಲ ಮೂಲೆಗೆ ಎಳೆದು ಪಿನ್ ಚುಚ್ಚಿ. ಪಿನ್ ಮೊಳೆ ಬರುವ ಜಾಗದಲ್ಲೇ ಇರಲಿ, ಆಗ ಆ ತೂತು ಮುಚ್ಚಿಹೋಗುತ್ತದೆ. ನಡುವೆ ಹಿಡಿದು ಎರಡು ಸಲ ತಂತಿ ಮೀಟಿದ ಹಾಗೆ ಬಿಡಿ, ಎಳೆತ ಎಲ್ಲ ಕಡೆ ಸಮ ಆಗುತ್ತದೆ. ಈಗ ಗೆರೆಗಳು ತಾವಾಗಿ ಹಂಚಿಕೊಂಡಿರುತ್ತವೆ. ಪ್ರತಿ ಗೆರೆಯ ಕೆಳಗೆ ಟೇಲರ್ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಪಕ್ಕಕ್ಕೆ 21 ಗೆರೆ, ಹಿಂದಕ್ಕೆ 20 ಗೆರೆ ಹಿಡಿದು ಅದೇ ಇಲಾಸ್ಟಿಕ್ ಎಳೆಯಿರಿ. ನನ್ನ ಮಾವ ಕಲಿಸಿದ್ದು ಇದು. ಅವರ ಹತ್ತಿರ ಅಳತೆ ಟೇಪ್ ಇರಲಿಲ್ಲ, ಈ ಇಲಾಸ್ಟಿಕ್ ಇತ್ತು.

ಸಂದು ಬಿಡದೆ ತಲೆಗೆ ತಲೆ ತಾಗಿಸಿ ಹೊಡೆಯುವ ಆಸೆ ಇದ್ದರೆ ಮೊದಲ ಕುರ್ಚಿಗೆ ಬೇಡ. 11 ಮಿ.ಮೀ. ಅಂತ ಡಬ್ಬಿ ಮೇಲೆ ಬರೆದಿದ್ದರೂ ಹತ್ತು ಮೊಳೆ ಸಾಲಾಗಿಟ್ಟು ಅಳೆದು ನೋಡಿ, ಎಷ್ಟೋ ಸಲ 112 ಬರುತ್ತದೆ. ಒಂದಕ್ಕೆ 0.2 ಮಿ.ಮೀ. ಏನೂ ಅಲ್ಲ ಅನಿಸುತ್ತದೆ. ಆದರೆ ನಿಮ್ಮ ಮುಂದಿನ ಅಂಚಿಗೆ ಎರಡು ಮೂಲೆ ಸೇರಿ 40 ಮೊಳೆ ಬೇಕು. ಅಲ್ಲಿಗೆ ಸುಮಾರು 8 ಮಿ.ಮೀ., ಮುಕ್ಕಾಲು ಮೊಳೆಯಷ್ಟು ಜಾಗ ಹೋಯಿತು. ತಾಗಿಸಿದ ಸಾಲಿನಲ್ಲಿ ಒಂದರ ತಪ್ಪು ಮುಂದಿನದಕ್ಕೆ ದಾಟುತ್ತದೆ. ಸಂದು ಬಿಟ್ಟ ಸಾಲಿನಲ್ಲಿ ಒಂದರ ತಪ್ಪು ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಮಾತು ಗಮನಿಸಿ. ನೋಡುವವರ ಕಣ್ಣಿಗೆ ಮೊದಲು ಬೀಳುವುದು ಸಂದು ಅಲ್ಲ, ಅಂಚಿನಿಂದ ಮೊಳೆಯ ದೂರ. ಸಂದು ಒಂದು ಮಿ.ಮೀ. ಆಚೀಚೆ ಆದರೆ ಯಾರೂ ಕೇಳುವುದಿಲ್ಲ. ಮೊಳೆ ಒಂದು ಮಿ.ಮೀ. ಮೇಲೆ ಕೆಳಗೆ ಆದರೆ ಸಾಲು ಅಲೆಯ ಹಾಗೆ ಕಾಣುತ್ತದೆ. ಅದಕ್ಕೆ ಮದುವೆ ಕಾಗದದಂಥ ದಪ್ಪ ರಟ್ಟು ಕತ್ತರಿಸಿ. ಅಂಚಿನಿಂದ ಮೊಳೆಯ ನಡುವಿಗೆ ಎಷ್ಟು ಬೇಕೋ ಅಷ್ಟು ಅಗಲ, ನಾನು ಸಾಮಾನ್ಯವಾಗಿ 3 ಸೂತ್ ಇಡುತ್ತೇನೆ, ಅಂದರೆ ಸುಮಾರು ಒಂಬತ್ತೂವರೆ ಮಿ.ಮೀ. ರಟ್ಟಿನ ಕೆಳಗಿನ ಅಂಚು ಮರದ ಅಂಚಿಗೆ ಸೇರಿಸಿ ಹಿಡಿದರೆ ಮೇಲಿನ ಅಂಚು ನಿಮಗೆ ಗೆರೆ ತೋರಿಸುತ್ತದೆ.

ತೂತು: 1 ಮಿ.ಮೀ. ಬಿಟ್, ಮೊಳೆಯ ಕಾಲಿನ ಅರ್ಧದಷ್ಟು ಆಳ. ಬಿಟ್‌ಗೆ ಅಷ್ಟು ಎತ್ತರದಲ್ಲಿ ಟೇಪ್ ಸುತ್ತಿಕೊಳ್ಳಿ. ರೆಕ್ಸಿನ್ ಆದ್ದರಿಂದ ಡ್ರಿಲ್ ನಡೆಯುತ್ತದೆ. ನೇಯ್ದ ಬಟ್ಟೆಯಾಗಿದ್ದರೆ ಬಿಟ್ ದಾರವನ್ನು ಸುತ್ತಿ ಎಳೆದುಬಿಡುತ್ತದೆ, ಆಗ ಗೋಣಿಚೀಲ ಹೊಲಿಯುವ ದಬ್ಬಳದಿಂದ ದಾರ ಸರಿಸಿ ದಾರಿ ಮಾಡಿಕೊಳ್ಳಬೇಕು.

ಹೊಡೆಯುವಾಗ ಬೆರಳಲ್ಲಿ ಹಿಡಿಯಬೇಡಿ. ಬಾಚಣಿಗೆಯ ಹಲ್ಲಿನ ನಡುವೆ ಸಿಕ್ಕಿಸಿ. ಸಣ್ಣ ಸುತ್ತಿಗೆ, ತಲೆಗೆ ಹಳೆ ಚಪ್ಪಲಿಯ ಚರ್ಮ ಅಂಟಿಸಿ, ಇಲ್ಲದಿದ್ದರೆ ಹಿತ್ತಾಳೆ ತಲೆ ತಗ್ಗಾಗುತ್ತದೆ. ಮೊದಲು ಎರಡೇ ಮೆಲ್ಲಗಿನ ಏಟು. ನಿಲ್ಲಿಸಿ, ಎದುರಿನಿಂದ ನೋಡಿ, ಪಕ್ಕದಿಂದ ನೋಡಿ. 3 ಮಿ.ಮೀ. ಒಳಗಿದ್ದಾಗ ಬೆರಳಲ್ಲಿ ತಿದ್ದಬಹುದು. ಅರ್ಧ ಇಳಿದ ಮೇಲೆ ತಿದ್ದಲು ಹೋದರೆ ತಲೆ ಕಾಲಿನಿಂದ ಬಿಡುತ್ತದೆ. ನಿಮ್ಮ ಎರಡು ತಲೆ ಹಾರಿದ್ದೂ ಹಾಗೇ ಇರಬೇಕು. ಕೊನೆಯ ಏಟು ತಲೆಯ ನಟ್ಟನಡುವಿಗೆ. ಟೋಪಿಯ ಅಂಚು ರೆಕ್ಸಿನ್‌ಗೆ ತಾಗಿದರೆ ಸಾಕು. ಇನ್ನೂ ಒತ್ತಿದರೆ ಅಂಚು ರೆಕ್ಸಿನ್ ಕೊಯ್ಯುತ್ತದೆ, ಆರು ತಿಂಗಳಲ್ಲಿ ಅಲ್ಲೇ ಹರಿಯುತ್ತದೆ.

ಕಾಣುತ್ತಿರುವ ತೂತಿಗೆ: ರೆಕ್ಸಿನ್ ತೂತು ಮುಚ್ಚಿಕೊಳ್ಳುವುದಿಲ್ಲ. ಉಳಿದ ರೆಕ್ಸಿನ್‌ನಿಂದ 3 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ಎರಡೂ ಅಂಚು ಹಿಂದೆ ನಡುವಿಗೆ ಮಡಚಿ ಅಂಟಿಸಿ. ಒಂದೂವರೆ ಸೆಂ.ಮೀ. ಪಟ್ಟಿ ಆಗುತ್ತದೆ. ಅದನ್ನು ಅಂಚಿಗೆ ಸುತ್ತಲೂ ಇಟ್ಟು ಅದರ ನಡುವೆ ಮೊಳೆ ಹೊಡೆಯಿರಿ. ತೂತು, ಸ್ಟೇಪಲ್ ಎರಡೂ ಮುಚ್ಚುತ್ತವೆ. ಪಟ್ಟಿ ಹಾಕಿದ ಮೇಲೆಯೇ ಇಲಾಸ್ಟಿಕ್ ಹಿಡಿಯಿರಿ, ಮೊದಲಲ್ಲ.

ಪುತ್ತೂರು ಟು ಲೆಸ್ಟರ್:

ಕಮಾನಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಇಲ್ಲಿ ಹಳೆಯ ಊಟದ ಕುರ್ಚಿಗಳು ಕಡಿಮೆ ಬೆಲೆಗೆ ಸಿಗುತ್ತವೆ, ನಾಲ್ಕು ಮಾಡಿದ್ದೇನೆ. ಬಾಗಿದ ಕಡೆ ಮರದ ಅಂಚಿನ ಮೇಲೆ ಅಳೆಯಬೇಡಿ. ಮೊಳೆ ಕೂರುವ ಗೆರೆ ಅಂಚಿಗಿಂತ ಒಳಗಿದೆ, ಅದು ಚಿಕ್ಕದು. ಅಂಚಿನಲ್ಲಿ ಸಮ ಹಂಚಿದರೆ ಬಾಗು ಜಾಸ್ತಿ ಇರುವಲ್ಲಿ ಮೊಳೆಗಳು ಗುಂಪಾಗುತ್ತವೆ.

ಮೊದಲು ರಟ್ಟಿನಿಂದ ಗೆರೆ ಎಳೆಯಿರಿ. ಆಮೇಲೆ ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿ ಎರಡೂ ಕಡೆ ಸೂಜಿ ಇರುವ ಕೈವಾರ ಇರುತ್ತದಲ್ವಾ, ಅದನ್ನು 2 ಸೆಂ.ಮೀ.ಗೆ ತೆರೆದು ಗೆರೆಯ ಮೇಲೆ ಹೆಜ್ಜೆ ಹಾಕಿಸಿ. ಚುಚ್ಚದೆ ಸುಮ್ನೆ ತಾಗಿಸುತ್ತಾ ಹೋಗಿ. ಕೊನೆಯಲ್ಲಿ ಉಳಿದರೆ ಕೈವಾರವನ್ನು ಕೂದಲೆಳೆಯಷ್ಟು ತೆರೆದು ಮತ್ತೆ ಮೊದಲಿನಿಂದ. ನನಗೆ ಸಾಮಾನ್ಯವಾಗಿ ಮೂರನೇ ಸಲಕ್ಕೆ ಸರಿಯಾಗಿ ಕೂರುತ್ತದೆ. ಆಗ ಸೂಜಿ ಒತ್ತಿ ಚುಕ್ಕೆ ಮಾಡಿ.

ಮೊಳೆಗೆ ಆಯಸ್ಕಾಂತ ಹಿಡಿದು ನೋಡಿದ್ದೀರಾ? ಅಂಟಿದರೆ ಕಬ್ಬಿಣದ ಮೇಲೆ ಲೇಪ. ತೀರ್ಥಹಳ್ಳಿ ಮಳೆಗೆ ಅದು ಬೇಗ ತುಕ್ಕು ಹಿಡಿಯುತ್ತದೆ.

ತೀರ್ಥಹಳ್ಳಿ ಜಗಲಿ:

ಎಲ್ಲರಿಗೂ ತುಂಬಾ ಧನ್ಯವಾದ. ಮೂರು ವಾರ ಆಯಿತು, ಅದಕ್ಕೆ ತಡವಾಗಿ ಬರೆಯುತ್ತಿದ್ದೇನೆ.

ಆಯಸ್ಕಾಂತ ಟಪ್ ಅಂತ ಅಂಟಿತು. ಆ ಮೊಳೆ ಪಕ್ಕಕ್ಕಿಟ್ಟು ಅಪ್ಪಟ ಹಿತ್ತಾಳೆಯದ್ದು ಹುಡುಕಿ ನೂರು ತಂದೆ. ಥರ್ಮಾಕೋಲ್ ಹಾಳೆಗೆ ಎಲ್ಲ ಚುಚ್ಚಿ ನಿಲ್ಲಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ಚೆನ್ನಾಗಿ ತೊಳೆದು ಒಣಗಿಸಿದೆ. ರೆಕ್ಸಿನ್ ಮೇಲೆ ಕೂತ ಮೇಲೆ ಹುಳಿ ಹಚ್ಚಲು ಆಗುವುದಿಲ್ಲ ಅಂತ ಮೊದಲೇ ಮಾಡಿದೆ.

ರೆಕ್ಸಿನ್ ಎತ್ತಿದಾಗ ಹುಬ್ಬಳ್ಳಿಯವರು ಹೇಳಿದ ಹಾಗೆಯೇ ಕಪ್ಪು ಚುಕ್ಕೆಗಳ ಸಾಲು. ಕೆಲವು ಕಡೆ ಎರಡು ಸಾಲು ಇತ್ತು, ಅಂದರೆ ಅಜ್ಜನಿಗಿಂತ ಮೊದಲೂ ಯಾರೋ ಒಮ್ಮೆ ರೆಕ್ಸಿನ್ ಅಥವಾ ಚರ್ಮ ಬದಲಿಸಿದ್ದಾರೆ. ಒಂದು ತೂತಿನಲ್ಲಿ ಮುರಿದ ಮೊಳೆಯ ಕಾಲು ಹಾಗೇ ಇತ್ತು, ಚೂಪು ಮೂತಿ ಇಕ್ಕಳದಿಂದ ಎಳೆದೆ. ಒಟ್ಟು 134 ತೂತಿಗೆ ಬಿದಿರು ತುಂಬಿದೆ. ಎರಡು ಸಂಜೆ ಬೇಕಾಯಿತು.

ಇಲಾಸ್ಟಿಕ್ ಮೀಟಿದಾಗ ಗೆರೆಗಳು ನಡುಗಿ ತಮ್ಮ ಜಾಗಕ್ಕೆ ಬಂದು ನಿಂತವು. ಅದನ್ನು ನೋಡಿದಾಗ ಆದ ಖುಷಿ ಹೇಳಲು ಬರುವುದಿಲ್ಲ. ಸೀಟಿನ 80ರಲ್ಲಿ ಒಂದೇ ಬಗ್ಗಿತು, ಅದೂ ನಾನು ತೂತು ಕೊರೆಯಲು ಮರೆತ ಜಾಗದಲ್ಲಿ. ಎಡ ಪಕ್ಕದಲ್ಲಿ ಎರಡು ಮೊಳೆ ಕೂದಲಷ್ಟು ಮೇಲಿವೆ, ರಟ್ಟು ಅಲ್ಲಿ ಜಾರಿರಬೇಕು.

ನಿನ್ನೆ ಅಮ್ಮ ಬಂದಿದ್ದರು. ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಮುಂದಿನ ಬಲ ಮೂಲೆಯಿಂದ ಬೆರಳಿಟ್ಟು ಎಣಿಸಿದರು. ಹಿಂದಿನ ಸಾಲಿಗೆ ಕೈ ಎಟುಕಲಿಲ್ಲ, ಕುರ್ಚಿ ತಿರುಗಿಸಿ ಕೊಟ್ಟೆ.

ಬೆನ್ನಿನ ಕಮಾನು ಈ ಭಾನುವಾರ. ಕೈವಾರದಲ್ಲಿ ಹೆಜ್ಜೆ ಹಾಕಿಸಿ ನೋಡಿದೆ, 27 ಮೊಳೆ ಕೂರುತ್ತವೆ. ಎಡದಿಂದ ಶುರು ಮಾಡಲೇ?

ಕುಶನ್ ಕೆಲಸ ಹುಬ್ಬಳ್ಳಿ:

ಬೇಡ. 27 ಅಂದರೆ 14ನೆಯದು ಸರಿಯಾಗಿ ಕಮಾನಿನ ನೆತ್ತಿಗೆ ಬರಬೇಕು. ಮೊದಲು ಅದನ್ನು ಹೊಡೆಯಿರಿ, ಆಮೇಲೆ ಎರಡು ತುದಿ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಇಳಿಯುತ್ತಾ ಬನ್ನಿ. ಕಮಾನಿನ ಮೇಲೆ ಸುತ್ತಿಗೆ ಜಾರುತ್ತದೆ, ಕುರ್ಚಿಯನ್ನು ಹಾಸಿಗೆಯ ಮೇಲೆ ಮಲಗಿಸಿ ಆ ಭಾಗ ನಿಮ್ಮ ಎದುರಿಗೆ ಬರುವ ಹಾಗೆ ತಿರುಗಿಸಿಕೊಳ್ಳಿ. ಎಡ ಪಕ್ಕದ ಆ ಎರಡು ಮೊಳೆ ಕೀಳಬೇಡಿ, ಹಾಗೇ ಇರಲಿ.