ಉಬ್ಬು ಅಂಚಿನ ಮಚ್ಚನ್ನು ಕೈಯಲ್ಲೇ ಮಸೆಯುವುದು ಹೇಗೆ? ಬಲ್ಲವರು ಹೇಳಿ

ಒಂಟಿಕೊಪ್ಪಲ್ ವಾಸಿ
ಮದ್ದೂರಿನ ಕಡೆಯ ಕುಲುಮೆಯೊಂದರಲ್ಲಿ ಲಾರಿಯ ಕಮಾನು ಪಟ್ಟಿಯಿಂದ ಹೊಡೆಸಿದ ಮಚ್ಚು ನನ್ನ ಬಳಿ ಇದೆ. ತೋಟದಲ್ಲಿ ಎಳನೀರು ಕೆತ್ತುವುದಕ್ಕೂ ಒಣಗರಿ ಸವರುವುದಕ್ಕೂ ಅದೇ. ಇದರ ಅಂಚು ಅಡುಗೆಮನೆಯ ಚಾಕುವಿನಂತೆ ನೇರ ಇಳಿಜಾರಾಗಿಲ್ಲ. ಎರಡೂ ಬದಿ ಅವರೆಕಾಳಿನ ಹೊಟ್ಟೆಯ ಹಾಗೆ ಉಬ್ಬಿ ಬಂದು ತುದಿಯಲ್ಲಿ ಕೂಡುತ್ತವೆ. ಚಪ್ಪಟೆ ಕಲ್ಲಿನ ಮೇಲೆ ಮಸೆದರೆ ಉಬ್ಬಿನ ನಡುವೆ ಹೊಳೆಯುವ ಪಟ್ಟೆ ಬೀಳುತ್ತದೆ, ಅಂಚು ಮೊಂಡಾಗಿಯೇ ಉಳಿಯುತ್ತದೆ. ಈ ಉಬ್ಬು ಕೆಡದಂತೆ ಕೈಯಲ್ಲೇ ಹರಿತ ಮಾಡುವುದನ್ನು ಕಲಿಯಬೇಕು. ಯಂತ್ರಕ್ಕೆ ಕೊಡಿ ಎಂದು ಮಾತ್ರ ಹೇಳಬೇಡಿ.

ಸಾಣೆಚಕ್ರ
ಯಂತ್ರಕ್ಕೆ ಕೊಡಿ. ಸಾಣೆ ಹಿಡಿಯುವವನ ಹತ್ತಿರ ಕೊಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಇಷ್ಟಕ್ಕೆ ವಿದ್ಯೆ ಕಲಿಯುವುದೇನಿದೆ?

ಅಳತೆಗೋಲು
ಕೇಳಿದ್ದಕ್ಕೆ ಉತ್ತರ ಕೊಡೋಣ. ಹಳೆಯ ಮೌಸ್ ಪ್ಯಾಡನ್ನು ಮೇಜಿನ ಅಂಚಿಗೆ ಅಂಟಿಸಿ, ಅದರ ಮೇಲೆ 400ರ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಉಪ್ಪುಕಾಗದ, ಅಂಕಿ ಹೆಚ್ಚಿದಷ್ಟೂ ಕಾಳು ನಯ) ಹಾಸಿ, ಒದ್ದೆ ಮಾಡಿ. ಮಚ್ಚಿನ ಬೆನ್ನು ಮುಂದೆ, ಅಂಚು ಹಿಂದೆ ಇರುವಂತೆ ಎಳೆಯಿರಿ. ಅಂಚು ಮುಂದಾಗಿ ನೂಕಿದರೆ ಕಾಗದ ಸೀಳಿಹೋಗುತ್ತದೆ. ಅಡಿಯ ರಬ್ಬರ್ ತಗ್ಗುವುದರಿಂದ ಕಾಗದವೇ ಉಬ್ಬಿಗೆ ಹೊಂದಿಕೊಳ್ಳುತ್ತದೆ. ಶುರು ಮಾಡುವ ಮುಂಚೆ ಅಂಚಿನುದ್ದಕ್ಕೂ ಕಪ್ಪು ಮಾರ್ಕರ್ ಬಳಿಯಿರಿ. ನಾಲ್ಕು ಎಳೆತದ ನಂತರ ಬಣ್ಣ ತುದಿಯಲ್ಲಿ ಉಳಿದಿದ್ದರೆ ಬೆನ್ನನ್ನು ಸ್ವಲ್ಪ ಎತ್ತಿ, ಮೇಲ್ಭಾಗದಲ್ಲಿ ಉಳಿದಿದ್ದರೆ ಇಳಿಸಿ. ಇನ್ನೊಂದು ಬದಿಯಲ್ಲಿ ಬೆರಳಿಗೆ ತೆಳು ಸಿಬಿರು, ಅಂದರೆ ಅಂಚಿನಾಚೆ ಮಡಚಿಕೊಂಡ ಲೋಹದ ಎಳೆ, ತಾಗುವವರೆಗೆ ಮಾಡಿ, ಆಮೇಲೆ ಮಗ್ಗುಲು ಬದಲಿಸಿ. ನಂತರ 800, 1500. ಕೊನೆಗೆ ಚರ್ಮದ ಪಟ್ಟಿಗೆ ಹಸಿರು ಪಾಲಿಶ್ ಉಜ್ಜಿ ಅದರ ಮೇಲೆ ಎಳೆದರೆ ಸಿಬಿರು ಉದುರುತ್ತದೆ. ಈ ಉಬ್ಬನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಅಂಚಿನ ಹಿಂದೆ ಲೋಹ ಹೆಚ್ಚಿರುವುದರಿಂದ ಬಲ ಹೆಚ್ಚು.

ಕಬ್ಬಿನಗದ್ದೆ ಮಂಡ್ಯ
ಮೌಸ್ ಪ್ಯಾಡ್! ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಯಾರ ಮನೆಯ ಮೌಸು, ಯಾರ ಪ್ಯಾಡು? ಕಬ್ಬನ್ನು ನೆಲಕ್ಕೆ ಸೇರಿಸಿ ಕಡಿಯಬೇಕು, ಏಕೆಂದರೆ ಬುಡದಲ್ಲೇ ಸಕ್ಕರೆ ಹೆಚ್ಚು. ಹಾಗೆ ಕಡಿದಾಗ ಏಟಿಗೊಂದು ಸಲ ಮಚ್ಚು ಮಣ್ಣು, ಹರಳು ಕಚ್ಚುತ್ತದೆ. ಬದುವಿನ ಮೇಲೆ ಕುಳಿತು ಮಚ್ಚನ್ನು ತೊಡೆಗೆ ಆನಿಸಿ, ಕಲ್ಲನ್ನು ಕೈಯಲ್ಲಿ ಹಿಡಿದು, ಅಂಚಿನ ಮೇಲೆ ಸಣ್ಣಗೆ ಸುತ್ತು ಹೊಡೆಸುತ್ತಾ ಮಣಿಕಟ್ಟನ್ನು ಏಳಿಸಿ ಇಳಿಸುವುದು. ಮಣಿಕಟ್ಟು ತಿರುಗಿದಂತೆ ಉಬ್ಬು ತಾನಾಗಿ ಬರುತ್ತದೆ. ಕಲ್ಲಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ಅಷ್ಟೇ.

ಕುವೆಂಪುನಗರದ ಅಡುಗೆಮನೆ
“ಒಂದು ತೊಟ್ಟು ಕೊಬ್ಬರಿ ಎಣ್ಣೆ” ಎಂದು ಇಷ್ಟು ಸಲೀಸಾಗಿ ಹೇಳಿಬಿಟ್ಟಿರಲ್ಲ! ಅಡುಗೆ ಎಣ್ಣೆಯನ್ನು ಕಲ್ಲಿಗೆ ಹಾಕಿದರೆ ಕೆಲವು ದಿನಗಳಲ್ಲಿ ಅಂಟಾಗಿ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ನಮ್ಮ ಮನೆಯಲ್ಲಿ ಸೂರ್ಯಕಾಂತಿ ಎಣ್ಣೆ ಹಾಕಿ ಒಂದು ಕಲ್ಲು ಹಾಳಾಯಿತು. ಆಮೇಲೆ ಅದು ಚಾಕುವನ್ನು ಜಾರಿಸುತ್ತಿತ್ತೇ ಹೊರತು ಮಸೆಯುತ್ತಿರಲಿಲ್ಲ. ನನ್ನ ಜಪಾನಿ ಕಲ್ಲಿನ ಜೊತೆ ಬಂದ ಚೀಟಿಯಲ್ಲಿ ನೀರನ್ನು ಮಾತ್ರ ಬಳಸಿ ಎಂದು ಸ್ಪಷ್ಟವಾಗಿ ಮುದ್ರಿಸಿದ್ದಾರೆ.

ಹಳೇ ಲೇತು
“ಅಂಚಿನ ಹಿಂದೆ ಲೋಹ ಹೆಚ್ಚು” ಎನ್ನುವುದು ಎಲ್ಲರೂ ಉರು ಹೊಡೆದ ಮಾತು. ಯಾವುದಕ್ಕಿಂತ ಹೆಚ್ಚು? ತುದಿಯಲ್ಲಿ ಒಂದೊಂದು ಬದಿಗೆ 20 ಡಿಗ್ರಿ ಇಟ್ಟುಕೊಳ್ಳಿ. ನೇರ ಇಳಿಜಾರಾದರೆ ಅಂಚಿನಿಂದ 5 ಮಿ.ಮೀ. ಹಿಂದೆ ದಪ್ಪ ಸುಮಾರು 3.6 ಮಿ.ಮೀ. ಉಬ್ಬಾದರೆ ಕೋನ 20ರಿಂದ ಹೊರಟು ಮೇಲಕ್ಕೆ ಹೋದಂತೆ 10ರ ತನಕ ಇಳಿಯುತ್ತದೆ. ಅದೇ ಜಾಗದಲ್ಲಿ ದಪ್ಪ 2.7ರ ಆಸುಪಾಸು. ಲೋಹ ಕಡಿಮೆಯಾಯಿತೋ ಹೆಚ್ಚಾಯಿತೋ? ನಾನು ಹೊಟ್ಟೆಪಾಡಿಗೆ ಉಪಕರಣಗಳನ್ನು ಮಸೆದವನು. ಅಂದ ಹಾಗೆ ಕಲ್ಲಿಗೆ ಸೀಮೆಎಣ್ಣೆ ಒಳ್ಳೆಯದು.

ಅಳತೆಗೋಲು
ಹಿರಿಯರೇ, ನೀವು ತುದಿಯ ಕೋನವನ್ನು ಸಮ ಎಂದು ಹಿಡಿದಿರಿ. ಅಲಗಿನ ದಪ್ಪವನ್ನೂ ಇಳಿಜಾರಿನ ಎತ್ತರವನ್ನೂ ಸಮ ಎಂದು ಹಿಡಿಯಿರಿ. ಎರಡು ಬಿಂದುಗಳ ನಡುವೆ ಒಂದು ನೇರ ಗೆರೆ, ಒಂದು ಹೊರಗೆ ಬಾಗಿದ ಗೆರೆ ಎಳೆಯಿರಿ. ಬಾಗಿದ ಗೆರೆಯ ಒಳಗೆ ಲೋಹ ಹೆಚ್ಚೇ ಇರುತ್ತದೆ. ಇದು ಪ್ರೌಢಶಾಲೆಯ ರೇಖಾಗಣಿತ.

ಹಳೇ ಲೇತು
ಪ್ರೌಢಶಾಲೆಯ ರೇಖಾಗಣಿತದಿಂದ ಎಳನೀರು ಕೆತ್ತಲು ಬರುವುದಿಲ್ಲ. ಮಚ್ಚನ್ನು ಯಾರೂ ದಪ್ಪ ಸಮ ಎಂದು ಮಸೆಯುವುದಿಲ್ಲ, ಕೋನ ನೋಡಿಯೇ ಮಸೆಯುತ್ತಾರೆ.

ಕಬ್ಬಿನಗದ್ದೆ ಮಂಡ್ಯ
ಅಕ್ಕ, ನೀವು ಹಾಕಿದ್ದು ಸೂರ್ಯಕಾಂತಿ ಎಣ್ಣೆ. ಬೈಯುತ್ತಿರುವುದು ಕೊಬ್ಬರಿ ಎಣ್ಣೆಯನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಗಾದೆ ಕೇಳಿಲ್ಲವೇ?

ಕುವೆಂಪುನಗರದ ಅಡುಗೆಮನೆ
ಗಾದೆ ಹೇಳಿದರೆ ವಾದ ಗೆದ್ದಂತಲ್ಲ. ಎರಡೂ ಅಡುಗೆ ಎಣ್ಣೆಯೇ. ಎಣ್ಣೆ ಎಣ್ಣೆಯೇ.

ಅಳತೆಗೋಲು
“ಎಣ್ಣೆ ಎಣ್ಣೆಯೇ” ಎನ್ನುವುದು ತಪ್ಪು, ಮೇಡಂ. ಅಗಸೆ ಎಣ್ಣೆ ಗಾಳಿಗೆ ಒಣಗಿ ಪೊರೆ ಕಟ್ಟುತ್ತದೆ. ಅದಕ್ಕೇ ಬಣ್ಣಕ್ಕೂ ಮರಕ್ಕೂ ಅದನ್ನು ಬಳಸುತ್ತಾರೆ. ಸೂರ್ಯಕಾಂತಿ ಅರ್ಧಂಬರ್ಧ ಒಣಗಿ ಅಂಟಾಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು ಹೆಚ್ಚಾದ್ದರಿಂದ ಅದು ಹಾಗೆ ಒಣಗುವ ಜಾತಿಯದಲ್ಲ.

ಕುವೆಂಪುನಗರದ ಅಡುಗೆಮನೆ
ಒಣಗದಿದ್ದರೇನು, ಹೆಪ್ಪುಗಟ್ಟುತ್ತದಲ್ಲ? 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಗಟ್ಟಿ. ಮೈಸೂರಿನಲ್ಲಿ ಧನುರ್ಮಾಸದ ಬೆಳಿಗ್ಗೆ ಬಾಟಲಿ ಬೋರಲು ಹಾಕಿದರೂ ಬೀಳುವುದಿಲ್ಲ. ಕಲ್ಲಿನ ರಂಧ್ರದೊಳಗೆ ಅದು ಮೇಣವಾಗಿ ಕುಳಿತ ಮೇಲೆ ಮಸೆಯುವುದು ಯಾವುದನ್ನು?

ಒಂಟಿಕೊಪ್ಪಲ್ ವಾಸಿ
ಎಲ್ಲರಿಗೂ ವಂದನೆಗಳು. ಮೌಸ್ ಪ್ಯಾಡ್ ವಿಧಾನವನ್ನು ಮಾಡಿ ನೋಡಿದೆ. ಸಿಬಿರು ಬಂತು, ಆದರೆ ಅಂಚು ಮೊದಲಿಗಿಂತ ದುಂಡಗಾದಂತಿದೆ. ಕಾಗದದ ಮೇಲೆ ಎಲ್ಲಿ ತಪ್ಪುತ್ತಿದೆ?

ಇತಿಹಾಸಪ್ರಿಯ
ನಮ್ಮ ನೆಲದಲ್ಲೇ ಉಕ್ಕಿನ ವಿದ್ಯೆ ಇತ್ತು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಕಡ್ಡಿ ಹಾಕಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅಂಥ ಕಡೆ ಹುಟ್ಟಿ ಜಪಾನಿ ಕಲ್ಲಿನ ಚೀಟಿ ಓದುವ ಗತಿ ಬಂತೇ?

ಕುವೆಂಪುನಗರದ ಅಡುಗೆಮನೆ
ಬುಕನನ್ ಬರೆದದ್ದು ಉಕ್ಕು ಮಾಡುವುದನ್ನು. ಮಸೆಯುವಾಗ ನೀರು ಹಾಕುತ್ತಿದ್ದರೋ ಎಣ್ಣೆಯೋ ಎಂದು ಅವನು ಬರೆದ ಪುಟ ತೋರಿಸಿ, ಆಮೇಲೆ ಮಾತನಾಡೋಣ. ಚೀಟಿ ಓದುವುದು ಗತಿಗೇಡಲ್ಲ, ಅಕ್ಷರ ಕಲಿತದ್ದಕ್ಕೆ ಸಾರ್ಥಕ.

ಹಳೇ ಲೇತು
ಇತಿಹಾಸ ಎಂದಿರಲ್ಲ, ಇದನ್ನೂ ಕೇಳಿ. ಗದ್ದೆಯವರು ಹಿಡಿದುಕೊಂಡು ಕುಳಿತಿರುವ ಆ ಕಪ್ಪು ಕಲ್ಲು ಸಿಲಿಕಾನ್ ಕಾರ್ಬೈಡ್. ಅಮೆರಿಕದ ಅಚೆಸನ್ 1891ರಲ್ಲಿ ವಿದ್ಯುತ್ ಕುಲುಮೆಯಲ್ಲಿ ಕಂಡುಕೊಂಡದ್ದು. ಅವರು ನಗಾಡಿದ ವಾಟರ್ ಪೇಪರಿನ ಕಪ್ಪು ಕಾಳು ಕೂಡ ಅದೇ ವಸ್ತು. ಬದುವಿನ ಮೇಲಿದ್ದರೆ ಪರಂಪರೆ, ಮೇಜಿನ ಮೇಲಿದ್ದರೆ ಹಾಸ್ಯವೇ?

ಕಬ್ಬಿನಗದ್ದೆ ಮಂಡ್ಯ
“ಪರಂಪರೆ” ಎಂಬ ಮಾತನ್ನು ನಾನು ಎಲ್ಲೂ ಆಡಿಲ್ಲ, ಯಜಮಾನರೇ. ನೀವೇ ನನ್ನ ಬಾಯಿಗೆ ತುರುಕಿ ನೀವೇ ಖಂಡಿಸಬೇಡಿ. ಕಲ್ಲು ಅಮೆರಿಕದ್ದೋ ಅರಕೆರೆಯದ್ದೋ ನನಗೇನು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಕೊಳ್ಳುತ್ತೇನೆ.

ಸಾಣೆಚಕ್ರ
ಇಷ್ಟು ಹೊತ್ತಿಗೆ ಯಂತ್ರದಲ್ಲಿ ಊರಿನ ಮಚ್ಚುಗಳೆಲ್ಲ ಮುಗಿದಿರುತ್ತಿದ್ದವು.

ಅಳತೆಗೋಲು
ಮುಗಿದಿರುತ್ತಿದ್ದವು, ಎರಡೂ ಅರ್ಥದಲ್ಲಿ. ಒಣ ಚಕ್ರಕ್ಕೆ ಒತ್ತಿ ಹಿಡಿದಾಗ ಅಂಚಿನಲ್ಲಿ ನೀಲಿ ಬಣ್ಣ ಮೂಡುವುದನ್ನು ನೋಡಿದ್ದೀರಲ್ಲ? ಅಲ್ಲಿಗೆ ಶಾಖ 300 ಡಿಗ್ರಿಯ ಹತ್ತಿರ ಹೋಗಿದೆ ಎಂದರ್ಥ. ಗಡಸು ಇಳಿದು ಅಂಚು ಮೆತ್ತಗಾಗುತ್ತದೆ.

ಸಾಣೆಚಕ್ರ
ಕಮಾನು ಪಟ್ಟಿಗೆ ಕಾರ್ಖಾನೆಯಲ್ಲೇ ಗಡಸು ಮಾಡಿದ ಮೇಲೆ 400 ಡಿಗ್ರಿಗಿಂತ ಹೆಚ್ಚಿಗೆ ಮತ್ತೆ ಕಾಯಿಸಿ ಹದ ಕೊಟ್ಟಿರುತ್ತಾರೆ. ನಿಮ್ಮ 300ಕ್ಕೆ ಅದು ಬೆವರುವುದೂ ಇಲ್ಲ. ಪುಸ್ತಕ ಪೂರ್ತಿ ಓದಿ.

ಅಳತೆಗೋಲು
ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದ ಮೇಲೆ ಕಾರ್ಖಾನೆಯ ಹದ ಎಲ್ಲಿ ಉಳಿಯಿತು? ಆಚಾರಿ ಮತ್ತೆ ನೀರಿಗೋ ಎಣ್ಣೆಗೋ ಅದ್ದಿ ಹೊಸ ಹದ ಕೊಟ್ಟಿರುತ್ತಾರೆ. ಅದನ್ನೇ ನಿಮ್ಮ ಚಕ್ರ ಸುಡುವುದು.

ಕುವೆಂಪುನಗರದ ಅಡುಗೆಮನೆ
“ನೀರಿಗೋ ಎಣ್ಣೆಗೋ” ಎಂದು ಅಳತೆಗೋಲು ಅವರೂ ಈಗ ಎರಡು ದೋಣಿಯಲ್ಲಿ ಕಾಲಿಟ್ಟರು! ಒಂದು ಪ್ರಶ್ನೆಗೆ ನೇರ ಉತ್ತರ ಕೊಡಿ: ನಿಮ್ಮ ವಾಟರ್ ಪೇಪರಿಗೆ ನೀವು ಏನು ಹಾಕುತ್ತೀರಿ?

ಅಳತೆಗೋಲು
ನೀರು. ಆದರೆ ನಾನು ಅಲ್ಲಿ ಹೇಳಿದ್ದು ಹದ ಕೊಡುವುದರ ಬಗ್ಗೆ.

ಕುವೆಂಪುನಗರದ ಅಡುಗೆಮನೆ
ನೀರು ಎಂದರಲ್ಲ, ಸಾಕು.

ಕಬ್ಬಿನಗದ್ದೆ ಮಂಡ್ಯ
ಏನು ಸಾಕು? ನೀರು ಹಾಕಿ ಮಸೆದು ಒರೆಸದೆ ಇಟ್ಟರೆ ನಿಮ್ಮ ಸ್ಟೇನ್‌ಲೆಸ್ ಚಾಕುವಿಗೆ ಏನೂ ಆಗದಿರಬಹುದು. ಕಮಾನು ಪಟ್ಟಿಯ ಮಚ್ಚು ಬೆಳಗಾಗುವುದರೊಳಗೆ ಕೆಂಪು ತುಕ್ಕು ಹಿಡಿಯುತ್ತದೆ. ಎಣ್ಣೆ ಹಾಕಿದರೆ ಮಸೆದಂತೆಯೂ ಆಯಿತು, ತುಕ್ಕಿಗೆ ತಡೆಯೂ ಆಯಿತು. ಕೈಯಲ್ಲಿ ತರಕಾರಿ ಚೀಲ ಹಿಡಿದು ಮಾರುಕಟ್ಟೆಗೆ ಹೋಗುವವರಿಗೆ ಇದು ಹೊಳೆಯುವುದಿಲ್ಲ.

ಕುವೆಂಪುನಗರದ ಅಡುಗೆಮನೆ
ತರಕಾರಿ ಚೀಲದ ಮಾತು ಬೇಡ. ನನ್ನ ಚಾಕು ಸ್ಟೇನ್‌ಲೆಸ್ ಎಂದು ನಿಮಗೆ ಹೇಳಿದವರು ಯಾರು? ಕಾರ್ಬನ್ ಉಕ್ಕಿನದು. ಮಸೆದ ಕೂಡಲೇ ಒಣಬಟ್ಟೆಯಲ್ಲಿ ಒರೆಸುತ್ತೇನೆ. ಒರೆಸುವ ಸೋಮಾರಿತನಕ್ಕೆ ಎಣ್ಣೆಯನ್ನು ಶಾಸ್ತ್ರ ಮಾಡಬೇಡಿ.

ಇತಿಹಾಸಪ್ರಿಯ
ಸೋಮಾರಿತನ ಎಂಬ ಮಾತನ್ನು ರೈತರಿಗೆ ಹೇಳುವುದು ಸರಿಯಲ್ಲ. ಹಿಂದೆಗೆದುಕೊಳ್ಳಬೇಕು.

ಕುವೆಂಪುನಗರದ ಅಡುಗೆಮನೆ
ರೈತರಿಗೆ ಹೇಳಿಲ್ಲ. ಒಬ್ಬರಿಗೆ ಹೇಳಿದ್ದು.

ಒಂಟಿಕೊಪ್ಪಲ್ ವಾಸಿ
ಅಂಚು ದುಂಡಗಾಗುವುದರ ಬಗ್ಗೆ ಯಾರಾದರೂ?

ಹಳೇ ಲೇತು
ಎರಡು ಕಾರಣಗಳಿರುತ್ತವೆ. ಒಂದು, ಮೈಭಾರ ಹಾಕಿ ಒತ್ತುತ್ತಿದ್ದೀರಿ. ಮೆತ್ತನೆಯ ಹಾಸು ತಗ್ಗಿ, ಅಂಚು ದಾಟಿದ ಕೂಡಲೇ ಕಾಗದ ಹಿಂದಿನಿಂದ ಮೇಲೆದ್ದು ತುದಿಯನ್ನು ಸವರಿಬಿಡುತ್ತದೆ. ಮಚ್ಚಿನ ತೂಕವೇ ಸಾಕು, ಅದರ ಮೇಲೆ ನಿಮ್ಮ ಒತ್ತಡ ಬೇಡ. ಎರಡು, ಎಳೆತದ ಕೊನೆಯಲ್ಲಿ ಮಣಿಕಟ್ಟು ತಿರುಗಿಸಿ ಬೆನ್ನು ಎತ್ತುತ್ತಿದ್ದೀರಿ. ಕೊನೆಗೆ ಬಂದಾಗ ಮಚ್ಚನ್ನು ಅಲ್ಲಿಯೇ ನಿಲ್ಲಿಸಿ, ನೇರ ಮೇಲಕ್ಕೆ ಎತ್ತಿ. ಪ್ಯಾಡ್ ತೀರಾ ಮೆತ್ತಗಿದ್ದರೆ ಅದರ ಬದಲು ಮರದ ಹಲಗೆಯ ಮೇಲೆ ದಪ್ಪ ಚರ್ಮ ಅಂಟಿಸಿ ಕಾಗದ ಹಾಸಿ.

ಅಳತೆಗೋಲು
“ಪ್ಯಾಡ್ ತೀರಾ ಮೆತ್ತಗಿದ್ದರೆ” ಎನ್ನುವುದು ಪ್ಯಾಡಿನ ತಪ್ಪಲ್ಲ, ಕೈಯ ತಪ್ಪು. ನಾನು ಹೇಳಿದ ವಿಧಾನ ಸರಿಯಾಗಿಯೇ ಇದೆ.

ಹಳೇ ಲೇತು
ವಿಧಾನ ಸರಿ ಇದ್ದಿದ್ದರೆ ಅವರು ಮತ್ತೆ ಬಂದು ಕೇಳುತ್ತಿರಲಿಲ್ಲ. ಒತ್ತಡದ ವಿಷಯವನ್ನು ನೀವು ಮೊದಲೇ ಹೇಳಬೇಕಿತ್ತು. ಜೊತೆಗೆ ಲೋಹ ಕಡಿಮೆ ಎಂಬ ನನ್ನ ಲೆಕ್ಕಕ್ಕೆ ಇನ್ನೂ ಉತ್ತರ ಬಂದಿಲ್ಲ.

ಅಳತೆಗೋಲು
ಉತ್ತರ ಕೊಟ್ಟಾಗಿದೆ, ಮೇಲೆ ಹೋಗಿ ಓದಿ.

ಕಬ್ಬಿನಗದ್ದೆ ಮಂಡ್ಯ
ಒಂಟಿಕೊಪ್ಪಲಿನವರೇ, ಚರ್ಮ, ಹಲಗೆ, ಮಾರ್ಕರ್ ಎಂದು ಸಂತೆ ಮಾಡುವ ಮುಂಚೆ ಒಂದು ಸಲ ಕಲ್ಲನ್ನು ಕೈಗೆ ತೆಗೆದುಕೊಳ್ಳಿ. ಬೆರಳುಗಳು ಕಲ್ಲಿನ ಅಂಚಿನಿಂದ ಹೊರಗೆ ಚಾಚದಂತೆ ಹಿಡಿಯುವುದನ್ನು ಮಾತ್ರ ಮರೆಯಬೇಡಿ. ಮತ್ತೆ ಅಕ್ಕ, ಧನುರ್ಮಾಸದ ನಿಮ್ಮ ಆಕ್ಷೇಪಕ್ಕೆ ಉತ್ತರ: ಬಾಟಲಿಯನ್ನು ಹತ್ತು ನಿಮಿಷ ಬಿಸಿಲಿನಲ್ಲಿ ಇಟ್ಟರೆ ಕರಗುತ್ತದೆ.

ಕುವೆಂಪುನಗರದ ಅಡುಗೆಮನೆ
ಸೂರ್ಯ ಬರುವವರೆಗೆ ಮಸೆಯುವಂತಿಲ್ಲ ಎಂದಾಯಿತು. ಬರೆದಿಟ್ಟುಕೊಳ್ಳುತ್ತೇನೆ.

ಹಳೇ ಲೇತು
ಸೀಮೆಎಣ್ಣೆ ಹೆಪ್ಪುಗಟ್ಟುವುದಿಲ್ಲ.

ಕುವೆಂಪುನಗರದ ಅಡುಗೆಮನೆ
ಸೀಮೆಎಣ್ಣೆ ಈಗ ಮೈಸೂರಿನ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬುದನ್ನೂ ತಾವೇ ಹೇಳಿಬಿಡಿ.