ಖಾಸಗಿ ವಿಶ್ವವಿದ್ಯಾಲಯ ಬಂದರೆ ಸುತ್ತಲಿನ ಉದ್ಯಮ ಬೆಳೆಯುತ್ತಾ?

ಕುತೂಹಲಿ: ಈ ಮಾತು ಬಂದಾಗಲೆಲ್ಲ ಜನ ಅಮೆರಿಕದ ಖಾಸಗಿ ವಿಶ್ವವಿದ್ಯಾಲಯ ಸ್ಟ್ಯಾನ್‌ಫರ್ಡ್ ಕಡೆ ಕೈ ತೋರಿಸುತ್ತಾರೆ. ಅಲ್ಲಿ ನಿಜಕ್ಕೂ ಆಗಿದ್ದೇನು?

ಹಳೇ ಮೇಷ್ಟ್ರು: ಅದರಲ್ಲಿ ಜಮೀನಿನ ಪಾತ್ರ ದೊಡ್ಡದು. ಅವರಿಗೆ ಸಾವಿರಾರು ಎಕರೆ ಇತ್ತು, ಆದರೆ ದಾನ ಕೊಟ್ಟವರ ಷರತ್ತಿನಿಂದಾಗಿ ಮಾರುವಂತಿರಲಿಲ್ಲ. ದುಡ್ಡು ಬೇಕಿತ್ತು. 1951ರಲ್ಲಿ ಕೈಗಾರಿಕಾ ಪಾರ್ಕ್ ಮಾಡಿ ಕಂಪನಿಗಳಿಗೆ ಲೀಸ್‌ಗೆ ಕೊಟ್ಟರು. ಮೊದಲು ಬಂದಿದ್ದು ವೇರಿಯನ್, ಆಮೇಲೆ ಎಚ್‌ಪಿ, ಎರಡೂ ಎಲೆಕ್ಟ್ರಾನಿಕ್ಸ್ ಕಂಪನಿಗಳು. ಎಚ್‌ಪಿ ಕಟ್ಟಿದ ಹ್ಯೂಲೆಟ್, ಪ್ಯಾಕರ್ಡ್ ಇಬ್ಬರೂ ಅಲ್ಲಿನ ಪ್ರೊಫೆಸರ್ ಫ್ರೆಡ್ ಟರ್ಮನ್ ಶಿಷ್ಯರು. ಕಂಪನಿ ಎಂಜಿನಿಯರುಗಳು ಕೆಲಸ ಬಿಡದೆ ಮಾಸ್ಟರ್ಸ್ ಓದುವ ವ್ಯವಸ್ಥೆಯನ್ನೂ ಮಾಡಿದರು. ನನ್ನ ಪ್ರಕಾರ ಪಾರ್ಕ್‌ಗಿಂತ ಅದೇ ದೊಡ್ಡ ಕೆಲಸ.

ಲೆಕ್ಕದವನು: ಮೇಷ್ಟ್ರೇ, ಸಂಶೋಧನೆಗೆ ದುಡ್ಡು ಕೊಟ್ಟವರು ಯಾರು ಅಂತ ಹೇಳಲೇ ಇಲ್ಲ! ಹೆಚ್ಚಿನದು ಸರ್ಕಾರದ್ದು, ಅದರಲ್ಲೂ ಸೇನೆಯದ್ದು. ಅಲ್ಲಿ ಗೂಗಲ್ ಹುಟ್ಟಿದ ಸಂಶೋಧನೆಗೂ ಸರ್ಕಾರಿ ಅನುದಾನ ಇತ್ತು. ಪೇಟೆಂಟ್ ಮಾತ್ರ ಸ್ಟ್ಯಾನ್‌ಫರ್ಡ್ ಹೆಸರಲ್ಲಿ. ಅದನ್ನು ಬಳಸಲು ಗೂಗಲ್‌ಗೆ ಕೊಟ್ಟ ಲೈಸೆನ್ಸ್‌ಗೆ ಬದಲಾಗಿ ಸಿಕ್ಕ ಗೂಗಲ್ ಷೇರು ಮಾರಿ ಅವರು ಗಳಿಸಿದ್ದು ಸುಮಾರು 33.6 ಕೋಟಿ ಡಾಲರ್. ಸರ್ಕಾರದ ದುಡ್ಡಿನ ಸಂಶೋಧನೆಗೂ ಹಾಗೆ ಪೇಟೆಂಟ್ ಇಟ್ಟುಕೊಳ್ಳಲು ದಾರಿ ಮಾಡಿಕೊಟ್ಟಿದ್ದು ಅಮೆರಿಕದ 1980ರ ಬೇ-ಡೋಲ್ ಕಾಯ್ದೆ. ಖಾಸಗಿ ಅನ್ನೋದು ಬರೀ ಬೋರ್ಡ್ ಮೇಲೆ, ಅಲ್ವಾ?

ಹಳೇ ಮೇಷ್ಟ್ರು: ದುಡ್ಡು ಸರ್ಕಾರದ್ದೇ, ಒಪ್ಪಿದೆ. ಆದರೆ ಅಷ್ಟೇ ದುಡ್ಡು ಸಿಕ್ಕ ಎಷ್ಟೋ ಕಡೆ ಒಂದು ಕಂಪನಿಯೂ ಹುಟ್ಟಲಿಲ್ಲ.

ಬಾಡಿಗೆ ಮನೆಯವಳು: ಊರಿಗೆ ಏನು ಸಿಕ್ತು ಅಂತಲೂ ಕೇಳಿ. ಅಮೆರಿಕದ್ದೇ ಇನ್ನೊಂದು ಖಾಸಗಿ ವಿಶ್ವವಿದ್ಯಾಲಯ ಯೇಲ್ ಇರುವ ನ್ಯೂ ಹೇವನ್ ನಗರವನ್ನೇ ನೋಡಿ. ಪಾಠದ ಕಟ್ಟಡಗಳಿಗೆ ಆಸ್ತಿ ತೆರಿಗೆ ಇಲ್ಲ. ಬದಲಿಗೆ ಯೇಲ್ ತಾನಾಗಿಯೇ ನಗರಕ್ಕೆ ಒಂದಿಷ್ಟು ಕೊಡುತ್ತೆ. 2021ರಲ್ಲಿ ಅದನ್ನು ಹೆಚ್ಚಿಸಲು ಒಪ್ಪಿತು, ಅದೂ ಎಷ್ಟೋ ವರ್ಷ ಜಗ್ಗಾಡಿದ ಮೇಲೆ. ವಿದ್ಯಾರ್ಥಿಗಳು ಬಂದರೆ ಅಂಗಡಿಗೆ ವ್ಯಾಪಾರ, ನಿಜ. ಬಾಡಿಗೆಯೂ ಏರುತ್ತೆ.

ವರ್ಕ್‌ಶಾಪ್ ಓನರ್: ಗೂಗಲ್ ಲಾಟರಿ ಹೊಡೆದ ಹಾಗೆ, ಅದನ್ನು ನೋಡಿ ಲೆಕ್ಕ ಹಾಕಬೇಡಿ. ಒಂದು ಖಾಸಗಿ ವಿಶ್ವವಿದ್ಯಾಲಯ ನಮ್ಮ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಸಹಿ ಆಯ್ತು, ಫೋಟೋ ಆಯ್ತು. ಆಮೇಲೆ ಯಾರೂ ಒಂದು ಫೋನೂ ಮಾಡಲಿಲ್ಲ. ಆದರೆ ಅಲ್ಲಿಂದ ಇಂಟರ್ನ್ ಆಗಿ ಬಂದ ಹುಡುಗನೊಬ್ಬ ಯಾವ ಪಾರ್ಟ್ ಯಾಕೆ ರಿಜೆಕ್ಟ್ ಆಗ್ತಿದೆ ಅಂತ ಎರಡು ತಿಂಗಳು ಕೂತು ಬರೆದಿಟ್ಟ. ಪೇಟೆಂಟ್ ಗೀಟೆಂಟ್ ಏನಿಲ್ಲ. ನಮ್ಮ ವೇಸ್ಟ್ ಮಾತ್ರ ಎಷ್ಟೋ ಕಮ್ಮಿ ಆಯ್ತು.

ಲೆಕ್ಕದವನು: ಇದು ಒಳ್ಳೇ ಉದಾಹರಣೆ. ಆ ಹುಡುಗ ಈಗಲೂ ನಿಮ್ಮಲ್ಲೇ ಇದ್ದಾನಾ?

ವರ್ಕ್‌ಶಾಪ್ ಓನರ್: ಇಲ್ಲ ಸಾರ್. ಕೋರ್ಸ್ ಮುಗಿದ ತಕ್ಷಣ ದೊಡ್ಡ ಸಿಟಿಗೆ ಹೋದ. ಸಂಬಳ ಅಲ್ಲೇ ಜಾಸ್ತಿ.